ನಾಲ್ಕು ತಾಲೂಕುಗಳ ತಮಟೆ: ಒಂದು ದನಿ ಬದಲಾದ ಬಗೆ

2023ರ ಗಣರಾಜ್ಯೋತ್ಸವದ ಮುನ್ನಾದಿನ ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಜನ ಅದರಲ್ಲಿ ತಮಗೆ ಪರಿಚಿತವಾದ ಒಂದು ಹೆಸರನ್ನು ಕಂಡು ಬೆರಗಾದರು. ಶಿಡ್ಲಘಟ್ಟ ತಾಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತ್ತು. ಅದೇ ಪಟ್ಟಿಯಲ್ಲಿ ಕೊಡಗಿನ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯನವರ ಹೆಸರೂ ಇತ್ತು. ನಾಡಿನ ಪತ್ರಿಕೆಗಳು ಸಂತೋಷದಿಂದ ಬರೆದವು. ಊರಿನಲ್ಲಿ ಹಾರ ತುರಾಯಿಗಳಾದವು.

ಆದರೆ ಈ ಸಂತೋಷದ ಸುದ್ದಿಯ ಹಿಂದೆ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ವಾದ್ಯದ ಸದ್ದು ಕೇಳಿದೊಡನೆ ‘ಊರಲ್ಲಿ ಯಾರೋ ಸತ್ತಿರಬೇಕು’ ಎಂದು ಜನ ಕಿವಿಗೊಡುತ್ತಿದ್ದರೋ, ಯಾವ ವಾದ್ಯವನ್ನು ಬಾರಿಸುವವನು ಊರ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲವೋ, ಅದೇ ವಾದ್ಯ ರಾಷ್ಟ್ರಪತಿ ಭವನದವರೆಗೆ ಹೋದದ್ದು ಹೇಗೆ? ಬದಲಾದದ್ದು ತಮಟೆಯೇ, ಬಾರಿಸುವ ಕೈಯೇ, ಕೇಳುವ ಕಿವಿಯೇ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲೂಕುಗಳ ತಮಟೆಯ ಕಥೆಯನ್ನು ನಾವು ಹೇಳಹೊರಟಿರುವುದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು. ರಾಜರ ಚರಿತ್ರೆಗೆ ಶಾಸನಗಳಿವೆ, ಯುದ್ಧಗಳ ಚರಿತ್ರೆಗೆ ವೀರಗಲ್ಲುಗಳಿವೆ. ಸದ್ದಿನ ಚರಿತ್ರೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅದನ್ನು ವಾದ್ಯದ ಮೈಯಿಂದಲೂ ಅದನ್ನು ಹೊತ್ತವರ ಬದುಕಿನಿಂದಲೂ ಓದಿಕೊಳ್ಳಬೇಕು.

ಬಳೆ, ತೊಗಲು, ಬೆಂಕಿ

ತಮಟೆಯಷ್ಟು ಸರಳವಾದ ವಾದ್ಯ ಇನ್ನೊಂದಿಲ್ಲ. ಮರದ ತುಂಡುಗಳನ್ನು ಜೋಡಿಸಿದ ಒಂದು ಬಳೆ, ಅದರ ಒಂದು ಮಗ್ಗುಲಿಗೆ ಬಿಗಿದು ಅಂಟಿಸಿದ ತೊಗಲು, ಎರಡು ಕೋಲು. ಅಂಟಿಗೆ ಹುಣಸೆ ಬೀಜದ ಸರಿ ಸಾಕು. ತೊಗಲು ಎಳೆಗರುವಿನದಾದರೆ ದನಿ ತುಂಬಿ ಬರುತ್ತದೆ, ಮೇಕೆಯದಾದರೆ ತುಸು ತೆಳುವಾಗುತ್ತದೆ. ಬಲಗೈಯ ಕೋಲು ದಪ್ಪ ಮತ್ತು ಗಿಡ್ಡ. ಎಡಗೈಯದು ತೆಳು ಮತ್ತು ಉದ್ದ. ದಪ್ಪ ಕೋಲು ಏಟನ್ನು ಕೊಡುತ್ತದೆ, ತೆಳು ಕೋಲು ಆ ಏಟುಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ. ಎಡಭುಜಕ್ಕೆ ನೇತುಹಾಕಿ ಎದೆಗೆ ಆನಿಸಿಕೊಂಡು ಬಾರಿಸುವುದರಿಂದ ಬಾರಿಸುವವನು ನಡೆಯಬಹುದು, ಕುಣಿಯಬಹುದು, ಬಾಗಬಹುದು. ಕುಳಿತು ನುಡಿಸುವ ವಾದ್ಯಗಳಿಗೆ ಈ ಭಾಗ್ಯವಿಲ್ಲ.

ಮೇಳಕ್ಕೆ ಹೊರಡುವ ಮೊದಲು ಹುಲ್ಲನ್ನೋ ತೆಂಗಿನ ಗರಿಯನ್ನೋ ಉರಿಸಿ ತಮಟೆಯನ್ನು ಕಾಯಿಸುತ್ತಾರೆ. ತೊಗಲು ಹೀರಿಕೊಂಡ ತೇವ ಆರುತ್ತದೆ, ತೊಗಲು ಬಿಗಿಯುತ್ತದೆ, ದನಿ ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಸಡಿಲವಾದರೆ ಮತ್ತೆ ಬೆಂಕಿಗೆ ಹೋಗಬೇಕು. ಮಳೆಗಾಲದ ತಮಟೆಯೂ ಬೇಸಿಗೆಯ ತಮಟೆಯೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಹೀಗಾಗಿ ಹಳೆಯ ಮೇಳಗಳಲ್ಲಿ ಬೆಂಕಿ ಹಾಕಿಕೊಂಡು ಕೂರುವ ಒಬ್ಬ ಮುದುಕ ಇರುತ್ತಿದ್ದ. ಅವನು ಬಾರಿಸದಿದ್ದರೂ ಮೇಳದ ದನಿ ಅವನ ಕೈಯಲ್ಲಿತ್ತು. ಯಾವ ತಮಟೆ ಎಷ್ಟು ಕಾದರೆ ಸಾಕು, ಎಲ್ಲಿ ತೊಗಲು ಹರಿದೀತು ಎಂಬುದು ಅವನ ಬೆರಳಿಗೆ ಗೊತ್ತಿತ್ತು.

ಹೆಸರುಗಳನ್ನು ನೋಡಿ. ಉತ್ತರ ಕರ್ನಾಟಕದಲ್ಲಿ ಇದು ಹಲಗೆ. ತಮಿಳಿನಲ್ಲಿ ಪರೈ. ತೆಲುಗಿನಲ್ಲಿ ಡಪ್ಪು. ನಮ್ಮ ನಾಲ್ಕು ತಾಲೂಕುಗಳು ಆಂಧ್ರದ ಗಡಿಗೆ ಆತುಕೊಂಡಿರುವುದರಿಂದ ಒಂದೇ ಬೀದಿಯಲ್ಲಿ ತಮಟೆ ಎನ್ನುವವರೂ ಸಿಗುತ್ತಾರೆ, ಡಪ್ಪು ಎನ್ನುವವರೂ ಸಿಗುತ್ತಾರೆ. ಕನ್ನಡ, ತೆಲುಗು, ದಖನಿ ಉರ್ದು ಈ ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುವ ನೆಲವಿದು. ಕೈವಾರದ ನಾರೇಯಣ ಯತಿಗಳು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ್ದು ಈ ಚಿಂತಾಮಣಿ ಸೀಮೆಯಲ್ಲೇ. ತಂಬೂರಿಯ ಮೆಲುದನಿಯ ಆ ಭಜನೆಯೂ ತಮಟೆಯ ಏರುದನಿಯೂ ಒಂದೇ ನೆಲದ ಎರಡು ಗಂಟಲುಗಳು. ಒಂದನ್ನು ಊರು ಗುಡಿಯೊಳಗೆ ಕೂರಿಸಿತು. ಇನ್ನೊಂದನ್ನು ಗುಡಿಯ ಹೊರಗೆ ನಿಲ್ಲಿಸಿತು.

ಊರಿನ ಬಾಯಿ

ಪತ್ರಿಕೆ, ರೇಡಿಯೊ, ಧ್ವನಿವರ್ಧಕಗಳು ಬರುವ ಮೊದಲು ಊರಿಗೊಂದು ಬಾಯಿ ಬೇಕಿತ್ತು. ಆ ಬಾಯಿ ತಮಟೆಯಾಗಿತ್ತು. ಕಂದಾಯ ಕಟ್ಟುವ ದಿನ, ಕೆರೆಯ ತೂಬು ಎತ್ತುವ ದಿನ, ಜಾತ್ರೆಯ ಸಾಟು, ಪಂಚಾಯ್ತಿ ಸೇರುವ ಹೊತ್ತು ಎಲ್ಲವನ್ನೂ ತೋಟಿ ತಮಟೆ ಬಡಿದು ಸಾರುತ್ತಿದ್ದ. ತೋಟಿ, ತಳವಾರ, ನೀರಗಂಟಿ ಇವರು ಊರಿನ ಚಾಕರಿಯವರು. ಈ ಚಾಕರಿ ತಂದೆಯಿಂದ ಮಗನಿಗೆ ಬರುವಂಥದು. ಪ್ರತಿಫಲವಾಗಿ ಸ್ವಲ್ಪ ಇನಾಮು ಜಮೀನು, ಸುಗ್ಗಿಯಲ್ಲಿ ಕಣದ ಕಾಳು, ಹಬ್ಬದಲ್ಲಿ ಊಟ.

ಹೊರನೋಟಕ್ಕೆ ಇದು ಒಂದು ವ್ಯವಸ್ಥೆ. ಒಳಗೆ ಇಣುಕಿದರೆ ಇದೊಂದು ಕಟ್ಟುಪಾಡು. ಬಾರಿಸಲು ಬರುವವನಿಗೆ ‘ಇವತ್ತು ಬಾರಿಸುವುದಿಲ್ಲ’ ಎನ್ನುವ ಹಕ್ಕು ಇರಲಿಲ್ಲ. ಊರ ಗೌಡರ ಮನೆಯಲ್ಲಿ ಸಾವಾದರೆ ತನ್ನ ಮನೆಯಲ್ಲಿ ಕಾಯಿಲೆ ಇದ್ದರೂ ಹೋಗಬೇಕು. ಸತ್ತ ದನವನ್ನು ಹೊತ್ತು ಊರಾಚೆ ಸಾಗಿಸಬೇಕು. ಅದರ ತೊಗಲು ಸುಲಿಯಬೇಕು. ಆ ತೊಗಲಿನಿಂದಲೇ ಮಾಡಿದ ತಮಟೆಯನ್ನು ಅದೇ ಊರಿನ ಗ್ರಾಮದೇವತೆಯ ಮೆರವಣಿಗೆಯ ಮುಂದೆ ಬಾರಿಸಬೇಕು. ದೇವಿಗೆ ತಮಟೆಯ ಸದ್ದು ಬೇಕು, ತಮಟೆಯವನು ಬೇಡ. ಎಂಥ ವಿಚಿತ್ರ! ಮದುವೆಯ ಮನೆಯ ಓಲಗ ಬೇರೆ ಜಾತಿಯವರ ಕೈಯಲ್ಲಿತ್ತು ಮತ್ತು ಅದಕ್ಕೆ ‘ಮಂಗಳವಾದ್ಯ’ ಎಂಬ ಹೆಸರಿತ್ತು. ತಮಟೆಗೆ ಅಂಥ ಹೆಸರನ್ನು ಯಾರೂ ಕೊಡಲಿಲ್ಲ.

ಇಷ್ಟಾದರೂ ಆ ಕೇರಿಯ ಜನ ಈ ವಾದ್ಯವನ್ನು ಬರೀ ಚಾಕರಿಯಾಗಿ ಉಳಿಸಲಿಲ್ಲ. ಸಾವಿಗೆ ಒಂದು ಏಟು, ಮದುವೆಗೆ ಒಂದು, ದೇವರಿಗೆ ಒಂದು, ಕುಣಿತಕ್ಕೆ ಒಂದು ಎಂದು ವಿಂಗಡಿಸಿದರು. ದೂರದ ಹೊಲದಲ್ಲಿರುವವನು ಏಟನ್ನು ಕೇಳಿಯೇ ಊರಲ್ಲಿ ಏನಾಗಿದೆ ಎಂದು ತಿಳಿಯಬಲ್ಲವನಾದ. ಸಾವಿನ ಏಟು ನಿಧಾನ, ನಡುನಡುವೆ ಬಿಡುವು. ದೇವರ ಏಟು ಮೊದಲು ನಿಧಾನವಾಗಿ ಹೊರಟು ಬರಬರುತ್ತ ಬಿರುಸಾಗುತ್ತದೆ, ಮೈಮೇಲೆ ದೇವರು ಬರುವವರೆಗೆ. ಅಕ್ಷರ ನಿರಾಕರಿಸಲ್ಪಟ್ಟವರು ಸದ್ದಿನಲ್ಲೇ ಒಂದು ಲಿಪಿಯನ್ನು ಮಾಡಿಕೊಂಡಿದ್ದರು.

1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳನ್ನು ಕಾನೂನಿನ ಪ್ರಕಾರ ಕೊನೆಗಾಣಿಸಿತು. ಶಾನುಭೋಗಿಕೆ, ಪಟೇಲಿಕೆಗಳು ಹೋದವು. ತೋಟಿತನವೂ ಹೋಯಿತು. ಆದರೆ ಕಾಗದದಲ್ಲಿ ಹೋದದ್ದು ಕೇರಿಯಲ್ಲಿ ಹೋಗಲು ಬಹಳ ವರ್ಷ ಹಿಡಿಯಿತು. ಪಟೇಲರ ಅಧಿಕಾರ ತಾಲೂಕು ಕಚೇರಿಗೆ ಹೋಯಿತು. ತೋಟಿಯ ಚಾಕರಿ ಮಾತ್ರ ‘ಸಂಪ್ರದಾಯ’ ಎಂಬ ಹೊಸ ಹೆಸರಿನಲ್ಲಿ ಅಲ್ಲೇ ಉಳಿಯಿತು.

ತೊಗಲಿನ ನಂಟು

ಈ ಕಥೆಯಲ್ಲಿ ಮುಸ್ಲಿಮರಿಗೆ ಏನು ಕೆಲಸ ಎಂದು ಕೇಳುವವರು ಇರಬಹುದು. ನಂಟು ತೊಗಲಿನಿಂದಲೇ ಆರಂಭವಾಗುತ್ತದೆ. ಕೇರಿಯಲ್ಲಿ ಸುಲಿದ ತೊಗಲನ್ನು ಉಪ್ಪು ಹಾಕಿ ಕೊಳ್ಳುತ್ತಿದ್ದವರಲ್ಲಿ ಮುಸ್ಲಿಂ ವ್ಯಾಪಾರಿಗಳು ಬಹಳ ಮಂದಿ. ಅಲ್ಲಿಂದ ಅದು ಗಡಿ ದಾಟಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಹದ ಮಾಡುವ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಊರು ‘ಮೈಲಿಗೆ’ ಎಂದು ದೂರವಿಟ್ಟ ವಸ್ತುವೊಂದು ಎರಡು ಸಮುದಾಯಗಳನ್ನು ಹತ್ತಿರ ತಂದಿತ್ತು. ಒಬ್ಬರು ಸುಲಿಯುವವರು, ಒಬ್ಬರು ಕೊಳ್ಳುವವರು. ಇಬ್ಬರನ್ನೂ ಶುಚಿಯ ಲೆಕ್ಕದಲ್ಲಿ ಕೆಳಗಿಟ್ಟವರು ಮಾತ್ರ ಆ ತೊಗಲಿನ ಮೆಟ್ಟನ್ನು ಮೆಟ್ಟಿ ನಡೆದರು.

ಎರಡನೆಯ ನಂಟು ಸದ್ದಿನದು. ತೆಲುಗಿನ ಡಪ್ಪು, ಅರಬಿಯ ದಫ್ ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಉಚ್ಚರಿಸಿ ನೋಡಿ. ವಾದ್ಯಗಳನ್ನೂ ಪಕ್ಕದಲ್ಲಿಡಿ. ಎರಡೂ ಒಂದು ಬಳೆ ಮತ್ತು ಒಂದೇ ಮಗ್ಗುಲಿನ ತೊಗಲು. ದಫ್ಫನ್ನು ಕೈಯಿಂದ ನುಡಿಸುತ್ತಾರೆ, ತಮಟೆಯನ್ನು ಕೋಲಿನಿಂದ. ನಿಕಾಹ್ ನಡೆದದ್ದನ್ನು ಊರಿಗೆಲ್ಲ ತಿಳಿಸಲು ದಫ್ ಬಾರಿಸುವ ವಾಡಿಕೆ ಪ್ರವಾದಿ(ಸ)ಯವರ ಕಾಲದಲ್ಲೇ ಇತ್ತು. ಅಂದರೆ ಅಲ್ಲಿಯೂ ಅದು ಸಾರುವ ವಾದ್ಯ. ವ್ಯತ್ಯಾಸವೊಂದೇ. ಅಲ್ಲಿ ಅದನ್ನು ಹುಡುಗಿಯರು ಮದುವೆ ಮನೆಯ ಒಳಗೆ ನುಡಿಸಿದರು. ಇಲ್ಲಿ ಅದನ್ನು ಬಾರಿಸುವವನನ್ನು ಹೊಸಿಲಿನ ಹೊರಗೆ ನಿಲ್ಲಿಸಲಾಯಿತು. ತೊಗಲಿಗೆ ಜಾತಿ ಅಂಟಿದ್ದು ಅದರ ಗುಣದಿಂದಲ್ಲ, ನಮ್ಮ ನೆಲದ ಗುಣದಿಂದ.

ಮೂರನೆಯದು ಮೊಹರಂ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಇದಕ್ಕೆ ಬಾಬಯ್ಯನ ಹಬ್ಬ ಎಂದೇ ಹೆಸರು. ಮುಸ್ಲಿಮರ ಒಂದೇ ಮನೆ ಇರುವ, ಕೆಲವೆಡೆ ಒಂದೂ ಇಲ್ಲದ ಊರುಗಳಲ್ಲಿಯೂ ಪಂಜಾಗಳು ಏಳುತ್ತಿದ್ದವು. ಅವುಗಳ ಮುಂದೆ ಕೇರಿಯ ತಮಟೆ ಮೊಳಗುತ್ತಿತ್ತು. ಧಾರ್ಮಿಕ ವಿದ್ವಾಂಸರು ಈ ಆಚರಣೆಯನ್ನು ಒಪ್ಪುವುದಿಲ್ಲ ಎಂಬುದು ಬೇರೆ ಚರ್ಚೆ. ನಮ್ಮ ಗಮನ ಇರುವುದು ಆ ಬೀದಿಯ ಮೇಲೆ. ಚಿಂತಾಮಣಿ ತಾಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಇವತ್ತಿಗೂ ಎಲ್ಲ ಜಾತಿ ಮತದವರು ಹರಕೆ ಹೊತ್ತು ಬರುತ್ತಾರೆ. ಕೇರಿಯವರು ತಮ್ಮ ವಾದ್ಯದ ಜೊತೆ ಹೊಸಿಲವರೆಗೂ ಬರಲು ಅವಕಾಶವಿದ್ದ ಕೆಲವೇ ಜಾಗಗಳಲ್ಲಿ ದರ್ಗಾಗಳು ಇದ್ದವು.

ಆದರೆ ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೂ ಇದೆ. ಪಂಜಾದ ಮುಂದೆ ತಮಟೆ ಬಾರಿಸಿದವನಿಗೆ ನಾವು ಕೊಟ್ಟದ್ದು ಏನು? ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುವ, ಒಂದೇ ತಟ್ಟೆಯಲ್ಲಿ ಉಣ್ಣುವ ಸಮುದಾಯ ಅವನನ್ನು ತನ್ನ ದಸ್ತರ್‌ಖಾನಿನ ಬಳಿ ಕೂರಿಸಿಕೊಂಡಿತೇ, ಇಲ್ಲ ಊರಿನ ಉಳಿದವರಂತೆ ಅಂಗಳದಲ್ಲೇ ಎಲೆ ಹಾಕಿತೇ? ಸಮಾನತೆಯ ಮಾತು ನಮ್ಮ ಗ್ರಂಥದಲ್ಲಿದೆ ಎಂದು ಹೆಮ್ಮೆಪಡುವ ಮುನ್ನ ನಮ್ಮ ಅಂಗಳದ ನೆನಪನ್ನು ಕೆದಕುವುದು ಒಳ್ಳೆಯದು.

ಬೇರೆ ನೆಲದ ಒಂದು ಹೋಲಿಕೆ

ಸದ್ದು ಬದಲಾಗುವುದು ಬರೀ ರುಚಿಯಿಂದಲ್ಲ, ಕೈಯ ಸ್ಥಿತಿಯಿಂದ ಮತ್ತು ವಸ್ತುವಿನಿಂದ ಕೂಡ. ಇದಕ್ಕೆ ದೂರದ ಒಂದು ಉದಾಹರಣೆ ಇದೆ. ‘ಹೆವಿ ಮೆಟಲ್’ ಎಂಬ ಅಬ್ಬರದ ಪಾಶ್ಚಾತ್ಯ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಟೋನಿ ಅಯೋಮಿ ಎಂಬ ಹುಡುಗ ತಗಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1965ರಲ್ಲಿ ಯಂತ್ರಕ್ಕೆ ಸಿಕ್ಕಿ ಅವನ ಎರಡು ಬೆರಳುಗಳ ತುದಿ ತುಂಡಾದವು. ಗಿಟಾರ್ ಬಿಡಲು ಮನಸ್ಸಿಲ್ಲದ ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಬೆರಳಿಗೆ ನೋವಾಗದಿರಲೆಂದು ತೆಳು ತಂತಿ ಹಾಕಿದ, ಮುಂದೆ ತಂತಿಗಳನ್ನು ಸಡಿಲಿಸಿದ. ದನಿ ತಗ್ಗಿತು, ಭಾರವಾಯಿತು. 1970ರಲ್ಲಿ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಬಂದಾಗ ಹಲವು ವಿಮರ್ಶಕರು ಮೂಗು ಮುರಿದರು.

ಅದೇ ಸಂಗೀತ ಸ್ವೀಡನ್ನಿಗೆ ಹೋದಾಗ ಮತ್ತೊಂದು ಬಗೆಯಾಯಿತು. 1983ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಬಾಥೊರಿ ಎಂಬ ತಂಡ ಮೊದಲು ಕಿವಿಗಡಚಿಕ್ಕುವ ಒರಟು ಸದ್ದಿನಿಂದ ಹೆಸರಾಯಿತು. 1990ರ ಹೊತ್ತಿಗೆ ಅದು ವೇಗ ತಗ್ಗಿಸಿ, ಮೇಳದ ಹಾಡಿಕೆ ಸೇರಿಸಿ, ತನ್ನ ನೆಲದ ಹಳೆಯ ಕಥೆಗಳತ್ತ ತಿರುಗಿತು. ಅಬ್ಬರದ ಹುಡುಗರು ಅಜ್ಜಂದಿರ ಮಾತಿಗೆ ಕಿವಿಗೊಟ್ಟರು. ನಮ್ಮ ಹಳ್ಳಿಯ ತಮಟೆಗೂ ಇವರಿಗೂ ನೇರ ಸಂಬಂಧವಿಲ್ಲ. ಆದರೆ ಎರಡೂ ಕಡೆ ಒಂದು ಮಾತು ನಿಜ: ಕೆಲಸಗಾರರ ಸದ್ದನ್ನು ಮೊದಲು ‘ಗದ್ದಲ’ ಎನ್ನುತ್ತಾರೆ, ಆಮೇಲೆ ‘ಕಲೆ’ ಎನ್ನುತ್ತಾರೆ. ನಡುವೆ ಯಾರು ಏನನ್ನು ತೆತ್ತರು ಎಂಬುದೇ ಚರಿತ್ರೆ.

ಬಿಟ್ಟವರು, ಎತ್ತಿಕೊಂಡವರು

ನಮ್ಮಲ್ಲಿ ಆ ನಡುವಿನ ಕಾಲ 1970ರ ದಶಕ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನಿಂದ ಎದ್ದ ಗಲಾಟೆ, ಅದರ ಬೆನ್ನಿಗೆ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿಯ ಹುಟ್ಟು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ಅದೇ ವರ್ಷ ಸಮುದಾಯ ತಂಡದ ಆರಂಭ ಇವೆಲ್ಲ ಒಂದರ ಹಿಂದೆ ಒಂದು ಬಂದವು. ಆಗಿನ್ನೂ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯೊಳಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅವಿಭಜಿತ ಕೋಲಾರ ಜಿಲ್ಲೆ ದಲಿತ ಚಳವಳಿಯ ಗಟ್ಟಿ ನೆಲೆಗಳಲ್ಲಿ ಒಂದಾಯಿತು.

ಚಳವಳಿ ತಮಟೆಯ ಬಗ್ಗೆ ಎರಡು ಮಾತುಗಳನ್ನು ಹೇಳಿತು. ಅವೆರಡೂ ಒಂದಕ್ಕೊಂದು ಎದುರಾಗಿದ್ದವು.

ಮೊದಲನೆಯ ಮಾತು: ಬಿಡಿ. ಸತ್ತ ದನ ಹೊರುವುದನ್ನು ಬಿಡಿ, ಸಾವಿನ ಮನೆಯ ಬಿಟ್ಟಿ ತಮಟೆಯನ್ನು ಬಿಡಿ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ತಮ್ಮ ಜನಕ್ಕೆ ಹೇಳಿದ್ದು ಇದನ್ನೇ. ಹೀನವೆಂದು ಹೊರಿಸಿದ ಕೆಲಸವನ್ನು ಕಳಚದೆ ತಲೆ ಎತ್ತುವುದು ಸಾಧ್ಯವಿಲ್ಲ ಎಂಬುದು ಅದರ ತಿರುಳು. ಓದಿದ ಹುಡುಗರು ಅಪ್ಪನ ತಮಟೆಯನ್ನು ಅಟ್ಟಕ್ಕೆ ಎಸೆದರು. ಹೀಗೆ ‘ಬಾರಿಸುವುದಿಲ್ಲ’ ಎಂದ ಕೇರಿಗಳಿಗೆ ಕೂಲಿ ಕೊಡದ, ಅಂಗಡಿಯಲ್ಲಿ ಸಾಮಾನು ಕೊಡದ ಬಹಿಷ್ಕಾರಗಳು ಎದುರಾದವು. ಬಾರಿಸದೆ ಇರುವುದೇ ಒಂದು ದೊಡ್ಡ ಸದ್ದಾಯಿತು. ತಮಟೆಯ ಚರಿತ್ರೆಯಲ್ಲಿ ಈ ಮೌನಕ್ಕೂ ಒಂದು ಅಧ್ಯಾಯ ಸಲ್ಲಬೇಕು.

ಎರಡನೆಯ ಮಾತು: ಎತ್ತಿಕೊಳ್ಳಿ. ಇದು ನಮ್ಮ ಅಜ್ಜಂದಿರ ವಾದ್ಯ, ಅವರ ಬೆವರಿನ ವಾದ್ಯ. ಇದನ್ನು ಗೌಡರ ಸಾವಿಗಲ್ಲ, ನಮ್ಮ ಹಕ್ಕಿಗಾಗಿ ಬಾರಿಸೋಣ. ಹೋರಾಟದ ಹಾಡುಗಳಿಗೆ ಹಾರ್ಮೋನಿಯಂ ಸಾಲಲಿಲ್ಲ, ತಮಟೆ ಬಂತು. ಜಾಥಾ ಹೊರಟರೆ ಮುಂದೆ ತಮಟೆ, ಬೀದಿನಾಟಕಕ್ಕೆ ಜನ ಸೇರಿಸಲು ತಮಟೆ, ತಾಲೂಕು ಕಚೇರಿಯ ಮುಂದಿನ ಧರಣಿಗೂ ತಮಟೆ. ಕೋಲಾರದ ಕೋಟಿಗಾನಹಳ್ಳಿ ರಾಮಯ್ಯನವರಂಥ ಕವಿಗಳ ಹಾಡುಗಳೂ, ಮುಂದೆ ತೇರಹಳ್ಳಿ ಬೆಟ್ಟದ ಮೇಲೆ ತಲೆಯೆತ್ತಿದ ‘ಆದಿಮ’ವೂ ಈ ಎರಡನೆಯ ಮಾತಿನ ಮುಂದುವರಿಕೆ. ಸಾರುವ ವಾದ್ಯ ಸಾರುವುದನ್ನು ಬಿಡಲಿಲ್ಲ. ಯಾರ ಮಾತನ್ನು ಸಾರುತ್ತದೆ ಎಂಬುದು ಬದಲಾಯಿತು.

ಆಗ ಏಟೂ ಬದಲಾಯಿತು. ಹಾಡಿಗೆ ಹೊಂದಬೇಕಾದ್ದರಿಂದ ಬಿಡಿ ಏಟುಗಳ ಬದಲು ಸಮನಾದ, ಜನ ಚಪ್ಪಾಳೆ ತಟ್ಟಬಹುದಾದ ನಡೆ ಬಂತು. ಮೇಳದ ಮುಖ್ಯಸ್ಥ ಮುದುಕನ ಜಾಗದಲ್ಲಿ ಹಾಡುಗಾರ ಯುವಕ ನಿಂತ. ಸಾವಿನ ಏಟಿನ ಬಿಡುವುಗಳು ಘೋಷಣೆಗಳ ನಡುವೆ ಕರಗಿದವು.

ಕಂಬಾಲಪಲ್ಲಿ

ಈ ನಾಲ್ಕು ತಾಲೂಕುಗಳ ಯಾವ ಚರಿತ್ರೆಯೂ ಕಂಬಾಲಪಲ್ಲಿಯನ್ನು ದಾಟಿ ಹೋಗಲಾರದು. 2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲೂಕಿನ ಆ ಹಳ್ಳಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಏಳು ಮಂದಿ ಜೀವಂತ ಸುಟ್ಟುಹೋದರು. ನಾಡೆಲ್ಲ ಪ್ರತಿಭಟನೆಗಳಾದವು. ಆದರೆ ನ್ಯಾಯಾಲಯದಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಯಾರೂ ಇರಲಿಲ್ಲ.

ಸಾವನ್ನು ಊರಿಗೆ ಸಾರುವುದು ಆ ಕೇರಿಗಳಿಗೆ ತಲೆಮಾರುಗಳಿಂದ ವಹಿಸಿದ್ದ ಕೆಲಸ. ಊರಿನವರ ಸಾವನ್ನು ಅವರು ಬಾರಿ ಬಾರಿಗೂ ಸಾರಿದ್ದರು. ತಮ್ಮದೇ ಏಳು ಸಾವುಗಳನ್ನು ನ್ಯಾಯಾಲಯದ ಮುಂದೆ ಸಾರಬೇಕಾಗಿ ಬಂದಾಗ ಭಯ ಅವರ ಗಂಟಲನ್ನು ಒತ್ತಿತು. ತಮಟೆಗೆ ಸಿಕ್ಕ ಗೌರವವನ್ನು ಕೊಂಡಾಡುವಾಗ ಈ ಮಾತು ನಮ್ಮ ನೆನಪಿನಲ್ಲಿರಬೇಕು. ವಾದ್ಯಕ್ಕೆ ಪ್ರಶಸ್ತಿ ಕೊಡುವುದು ಸುಲಭ, ಬಾರಿಸುವವನ ಮಾತಿಗೆ ಬೆಲೆ ಕೊಡುವುದು ಕಷ್ಟ.

ವೇದಿಕೆಗೆ ಬಂದ ತಮಟೆ

ಈ ನಡುವೆ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. ಜಾನಪದ ಅಧ್ಯಯನ ವಿಶ್ವವಿದ್ಯಾಲಯಗಳಲ್ಲಿ ಬೇರೂರಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಸರ್ಕಾರದ ಉತ್ಸವಗಳು, ದಸರಾ ಮೆರವಣಿಗೆ, ರಾಜಕೀಯ ಸಮಾವೇಶಗಳು ಎಲ್ಲಕ್ಕೂ ‘ಕಲಾತಂಡ’ಗಳು ಬೇಕಾದವು. ಮುನಿವೆಂಕಟಪ್ಪನವರಂಥ ಹಿರಿಯರು ಕೇರಿಯ ವಿದ್ಯೆಯನ್ನು ವೇದಿಕೆಯ ಮೇಲೆ ಕಲೆಯಾಗಿ ನಿಲ್ಲಿಸಿದರು.

ವೇದಿಕೆಗೆ ಬಂದ ಮೇಲೆ ದನಿಯಲ್ಲಿ ಏನೇನು ಬದಲಾಯಿತು? ಮೊದಲನೆಯದು ಕಾಲ. ರಾತ್ರಿಯಿಡೀ ನಡೆಯುತ್ತಿದ್ದ ಬಾರಿಕೆ ಕಾರ್ಯಕ್ರಮ ಪಟ್ಟಿಯ ಹತ್ತು ನಿಮಿಷಕ್ಕೆ ಇಳಿಯಿತು. ನಿಧಾನವಾಗಿ ಕಾವೇರುವುದಕ್ಕೆ ಅಲ್ಲಿ ವ್ಯವಧಾನವಿಲ್ಲ, ಮೊದಲ ಏಟಿನಿಂದಲೇ ಬಿರುಸು. ಎರಡನೆಯದು ನೋಟ. ಒಂದೇ ಬಣ್ಣದ ಪಂಚೆ, ರುಮಾಲು, ಸಾಲು ಸಾಲಾಗಿ ಹೆಜ್ಜೆ. ಒಬ್ಬನ ಮೇಲೊಬ್ಬ ನಿಲ್ಲುವ, ಹಲ್ಲಿನಿಂದ ವಸ್ತು ಎತ್ತುವ ಸಾಹಸಗಳು ಚಪ್ಪಾಳೆ ಗಿಟ್ಟಿಸಿದವು. ಮೂರನೆಯದು ವಸ್ತು. ಮರದ ಬಳೆಯ ಜಾಗಕ್ಕೆ ಕಬ್ಬಿಣದ ಬಳೆ ಬಂತು. ತೊಗಲಿನ ಜಾಗಕ್ಕೆ ಫೈಬರ್ ಹಾಳೆ ಬಂತು. ಹುಣಸೆ ಬೀಜದ ಅಂಟಿನ ಜಾಗಕ್ಕೆ ನಟ್ಟು ಬೋಲ್ಟು ಬಂದವು. ಕಾಯಿಸುವ ಬೆಂಕಿ ಆರಿತು, ಸ್ಪ್ಯಾನರ್ ಕೈಗೆ ಬಂತು. ಬೆಂಕಿಯ ಬಳಿ ಕೂರುತ್ತಿದ್ದ ಮುದುಕನಿಗೆ ಕೆಲಸವಿಲ್ಲವಾಯಿತು.

ಫೈಬರ್ ತಮಟೆಗೆ ಅದರದೇ ಅನುಕೂಲಗಳಿವೆ. ಮಳೆಗೆ ಹೆದರುವುದಿಲ್ಲ, ಹಗುರ, ದನಿ ಬೆಳಗಿನಿಂದ ಸಂಜೆಯವರೆಗೆ ಒಂದೇ. ಆದರೆ ಆ ದನಿ ಚೂಪು. ತೊಗಲಿನ ಆಳದ ಗುಂಯ್‌ಗುಡುವಿಕೆ ಅದರಲ್ಲಿಲ್ಲ. ಕಾದ ತೊಗಲು ತಣ್ಣಗಾಗುತ್ತ ದನಿ ಇಳಿಯುತ್ತಿದ್ದ, ಅದಕ್ಕೆ ತಕ್ಕಂತೆ ಬಾರಿಸುವವನು ಏಟನ್ನು ಬದಲಿಸುತ್ತಿದ್ದ ಆ ಮಾತುಕತೆ ಇಲ್ಲವಾಗಿದೆ. ಹಳಬರು ‘ಇದು ತಮಟೆಯಲ್ಲ, ಡಬ್ಬ’ ಎಂದು ಗೊಣಗುವುದುಂಟು. ಆದರೆ ಹುಡುಗರ ಮಾತನ್ನೂ ಕೇಳಬೇಕು. ತೊಗಲಿನ ವಾಸನೆಯ ಜೊತೆಗೆ ಜಾತಿಯ ವಾಸನೆಯನ್ನೂ ಹುಡುಕುವ ಜನರ ನಡುವೆ ಪ್ಲಾಸ್ಟಿಕ್ಕಿಗೆ ಜಾತಿ ಇಲ್ಲ. ಫೈಬರ್ ಹಾಳೆಯನ್ನು ಬರೀ ಅಗ್ಗದ ಸಾಮಗ್ರಿ ಎಂದು ಹಳಿಯುವವರು ಈ ನೆಮ್ಮದಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ತೊಗಲಿಗೆ ಇನ್ನೊಂದು ಕಡೆಯಿಂದಲೂ ಕುತ್ತು ಬಂತು. 1964ರ ಗೋಹತ್ಯೆ ನಿಷೇಧ ಕಾಯಿದೆಯ ಬದಲಿಗೆ 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಹಸು, ಕರು, ಎತ್ತುಗಳೆಲ್ಲದರ ವಧೆಯನ್ನು ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯ್ತಿ ಕೊಟ್ಟಿತು. ದನ ಸಾಗಿಸುವವರ ಮೇಲೆ ದಾರಿಯಲ್ಲಿ ಬೀಳುವ ಹಲ್ಲೆಗಳ ಭಯವಂತೂ ಅದಕ್ಕೂ ಹಳೆಯದು. ಇದರ ಹೊಡೆತ ಮುಸ್ಲಿಂ ವ್ಯಾಪಾರಿಗೆ ಮಾತ್ರ ಬಿದ್ದಿತೆಂದು ತಿಳಿಯುವುದು ತಪ್ಪು. ದನ ಮಾರುವ ರೈತ, ತೊಗಲು ಹದ ಮಾಡುವ ದಲಿತ, ಮೆಟ್ಟು ಹೊಲೆಯುವವನು ಎಲ್ಲರೂ ಒಂದೇ ಸರಪಳಿಯ ಕೊಂಡಿಗಳು. ತಮಟೆಯನ್ನು ‘ನಮ್ಮ ಸಂಸ್ಕೃತಿ’ ಎಂದು ಮೆರವಣಿಗೆಯಲ್ಲಿ ಮುಂದಿಡುವವರು ಆ ತಮಟೆಗೆ ತೊಗಲು ಎಲ್ಲಿಂದ ಬರಬೇಕು ಎಂದು ಒಮ್ಮೆಯಾದರೂ ಯೋಚಿಸಬೇಡವೇ?

ಇತ್ತ ಮದುವೆ ಮನೆಗಳಲ್ಲಿ ಮೊದಲು ಬ್ಯಾಂಡ್‌ಸೆಟ್ ಬಂತು, ಆಮೇಲೆ ಆರ್ಕೆಸ್ಟ್ರಾ ಬಂತು, ಈಗ ಡಿಜೆ ಬಂದಿದೆ. ಲಾರಿಯ ಮೇಲೆ ಪೇರಿಸಿದ ಪೆಟ್ಟಿಗೆಗಳ ಮುಂದೆ ಎಂಟು ತಮಟೆಗಳ ಸದ್ದೂ ಸೋಲುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಬ್ಬದ ದಿನಗಳಲ್ಲಿ ಅದನ್ನು ಕೇಳುವವರಿಲ್ಲ. ನಮ್ಮ ಜುಲೂಸುಗಳೂ ಇದಕ್ಕೆ ಹೊರತಲ್ಲ. ಡಿಜೆ ಪೆಟ್ಟಿಗೆಗೆ ಕುಣಿಯುವವರನ್ನು ನೋಡಲು ಕಣ್ಣಿಲ್ಲ. ಅವರು ದಣಿದರೆ ಅದು ನಿಧಾನಿಸುವುದಿಲ್ಲ, ಮುಂದೆ ಹೆಣ ಬಂದರೆ ತಗ್ಗುವುದಿಲ್ಲ. ತಮಟೆಯವನಿಗೆ ಕಣ್ಣಿತ್ತು.

ಯಾರ ಕೈಗೆ ಕೋಲು?

ಹಾಗಾದರೆ ಮುಂದೇನು? ತಮಟೆ ಉಳಿಯಬೇಕು ಎಂದು ಹೇಳುವುದು ಸುಲಭ. ಆದರೆ ‘ಕಲೆ ಉಳಿಸಿ’ ಎಂದು ಮಾದಿಗರ ಹುಡುಗನಿಗೆ ಮಾತ್ರ ಹೇಳುವುದು ಹಳೆಯ ತೋಟಿತನವನ್ನೇ ಹೊಸ ಬಟ್ಟೆ ತೊಡಿಸಿ ಕಳಿಸಿದಂತೆ. ಅಪ್ಪ ಬಾರಿಸಿದ ಕಾರಣಕ್ಕೆ ಮಗ ಬಾರಿಸಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ಅವನು ಬದುಕು ಕಟ್ಟಿಕೊಳ್ಳುವುದಾದರೆ ಅದು ತಮಟೆಯ ಸೋಲಲ್ಲ. ಅಜ್ಜ ತಮಟೆ ಬಾರಿಸಿ ಬಯಸಿದ್ದು ಅದನ್ನೇ ಇದ್ದೀತು.

ಉಳಿಯಬೇಕಾದರೆ ಕೋಲು ಎಲ್ಲರ ಕೈಗೂ ಬರಬೇಕು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಶಕ್ತಿ ಜಾನಪದ ಕೇಂದ್ರದ ದಲಿತ ಹೆಣ್ಣುಮಕ್ಕಳು ಪರೈಯನ್ನು ಕೈಗೆತ್ತಿಕೊಂಡು ದಶಕಗಳೇ ಆದವು. ಬಿಹಾರದಲ್ಲಿ ಪಾಟ್ನಾ ಬಳಿಯ ಮಹಾದಲಿತ ಮಹಿಳೆಯರು ‘ನಾರಿ ಗುಂಜನ್’ ಆಶ್ರಯದಲ್ಲಿ ಬ್ಯಾಂಡು ಕಟ್ಟಿ ಮದುವೆ ಮನೆಗಳಿಗೆ ಹೋಗುತ್ತಿದ್ದಾರೆ. ಹೆಣ್ಣು ಮುಟ್ಟಬಾರದೆಂದಿದ್ದ ವಾದ್ಯವನ್ನು ಹೆಣ್ಣು ಮುಟ್ಟಿದಾಗ ಆಕಾಶ ಕಳಚಿ ಬೀಳಲಿಲ್ಲ. ನಮ್ಮ ಶಾಲೆಗಳಲ್ಲಿ ವೀಣೆ, ಮೃದಂಗ ಕಲಿಸುವ ಉಪಾಧ್ಯಾಯರಿರುವಂತೆ ತಮಟೆಯ ಉಪಾಧ್ಯಾಯರೂ ಇರಲಿ. ಆ ಹುದ್ದೆ ಕೇರಿಯ ಹಿರಿಯರಿಗೆ ಸಿಗಲಿ, ಸಂಬಳ ಸಮೇತ. ಆ ತರಗತಿಯಲ್ಲಿ ಗೌಡರ ಮಗಳು, ರೀಲರ್ ಸಾಬರ ಮಗ, ಶೆಟ್ಟರ ಮೊಮ್ಮಗ ಒಟ್ಟಿಗೆ ಕೂತು ಸಾವಿನ ಏಟು ಯಾವುದು, ಮದುವೆಯ ಏಟು ಯಾವುದು ಎಂದು ಕಲಿಯಲಿ. ಹೊಸಿಲ ಹೊರಗೆ ನಿಂತವನು ಗುರುವಾಗಿ ಒಳಗೆ ಬಂದ ದಿನ ಈ ವಾದ್ಯದ ದನಿ ನಿಜವಾಗಿ ಬದಲಾಯಿತು ಎನ್ನಬಹುದು.

ತೊಗಲು ಹೋಗಿ ಫೈಬರ್ ಬಂದದ್ದು, ನಿಧಾನ ಹೋಗಿ ಬಿರುಸು ಬಂದದ್ದು, ಬೀದಿಯಿಂದ ವೇದಿಕೆಗೆ ಏರಿದ್ದು ಇವೆಲ್ಲ ಬದಲಾವಣೆಗಳೇ. ಆದರೆ ಮೊದಲು ಎತ್ತಿದ ಪ್ರಶ್ನೆಗೆ ಇವು ಪೂರ್ತಿ ಉತ್ತರವಲ್ಲ. ತಮಟೆ ಬದಲಾಗಿದೆ, ಬಾರಿಸುವ ಕೈಯೂ ಬದಲಾಗಿದೆ. ಕೇಳುವ ಕಿವಿ ಇನ್ನೂ ಅರ್ಧ ದಾರಿಯಲ್ಲಿದೆ. ಪಿಂಡಿಪಾಪನಹಳ್ಳಿಯ ಹಿರಿಯರ ಎದೆಯ ಮೇಲೆ ಪದಕ ಕಂಡು ಚಪ್ಪಾಳೆ ತಟ್ಟಿದ ನಾವು, ನಾಳೆ ನಮ್ಮ ಊರಿನ ತಮಟೆಯವನು ಬಾಗಿಲಿಗೆ ಬಂದರೆ ಅವನಿಗೆ ಕುರ್ಚಿ ಹಾಕಿ, ನಾವು ಕುಡಿಯುವ ಲೋಟದಲ್ಲೇ ನೀರು ಕೊಡುತ್ತೇವೆಯೇ? ಆ ಲೋಟ ಅವನ ಕೈಗೆ ಹೋದಾಗ ಉಳಿದ ಅರ್ಧ ದಾರಿ ಸವೆದೀತು.